ಮೆಕ್ಯಾನಿಕ್‌ಗಳ ಹೊರಗಿನ ಕೆಲಸ: ಎಲ್ಲಿಯವರೆಗೆ ಬಿಡಬೇಕು, ಎಲ್ಲಿ ತಡೆಯಬೇಕು?

ಪ್ರಶ್ನೆ
ಗ್ಯಾರೇಜ್ ಮಾಲೀಕ, ಹದಡಿ ರಸ್ತೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಹದಡಿ ರಸ್ತೆಯಲ್ಲಿ ಕಾರ್ ರಿಪೇರಿಯ ಗ್ಯಾರೇಜ್ ನಡೆಸುತ್ತಿದ್ದೇನೆ. ಇಬ್ಬರು ಹಿರಿಯ ಮೆಕ್ಯಾನಿಕ್‌ಗಳು, ಒಬ್ಬ ಎಲೆಕ್ಟ್ರಿಷಿಯನ್, ಒಬ್ಬ ಟಿಂಕರ್, ಮೂವರು ಹೆಲ್ಪರ್‌ಗಳು ಸೇರಿ ಏಳು ಜನ ಕೆಲಸಕ್ಕಿದ್ದಾರೆ. ಬೆಳಿಗ್ಗೆ ಒಂಬತ್ತೂವರೆಗೆ ಶಟರ್ ಎತ್ತಿದರೆ ಸಂಜೆ ಆರೂವರೆಗೆ ಇಳಿಸುತ್ತೇವೆ. ಮಧ್ಯಾಹ್ನ ಒಂದು ಗಂಟೆ ಊಟದ ಬಿಡುವು, ಭಾನುವಾರ ರಜೆ.

ನನ್ನ ಚಿಂತೆ ಹಿರಿಯ ಮೆಕ್ಯಾನಿಕ್‌ಗಳಲ್ಲಿ ಒಬ್ಬರ ವಿಷಯದ್ದು. ಗ್ಯಾರೇಜ್ ಶುರುವಾದಾಗಿನಿಂದ ಜೊತೆಗಿದ್ದಾರೆ, ಕೈಕೆಲಸ ಬಹಳ ಚೊಕ್ಕ, ಇಂಜಿನ್ ಶಬ್ದ ಕೇಳಿಯೇ ಯಾವ ಸಿಲಿಂಡರ್ ಮಿಸ್ ಆಗುತ್ತಿದೆ ಎಂದು ಹೇಳಬಲ್ಲವರು. ನಿಟ್ಟುವಳ್ಳಿಯ ತಮ್ಮ ಮನೆಯ ಮುಂದೆ ಅವರು ಸಂಜೆ ಹೊತ್ತು ಓಣಿಯವರ ಬೈಕುಗಳನ್ನು ರಿಪೇರಿ ಮಾಡುತ್ತಿದ್ದುದು ನನಗೆ ಮೊದಲೇ ಗೊತ್ತಿತ್ತು, ಅದಕ್ಕೆ ನಾನು ಏನೂ ಅಂದಿರಲಿಲ್ಲ. ಆದರೆ ಈಚೆಗೆ ನಮ್ಮ ಗ್ಯಾರೇಜಿಗೆ ಬರುತ್ತಿದ್ದ ಕಾರುಗಳೇ ನೇರವಾಗಿ ಅವರ ಮನೆಗೆ ಹೋಗತೊಡಗಿವೆ.

ಕಳೆದ ತಿಂಗಳು ಹಳೆಯ ಗಿರಾಕಿಯೊಬ್ಬರು ಬ್ರೇಕ್ ಪೆಡಲ್ ಮೆತ್ತಗಾಗಿ ಒಳಕ್ಕೆ ಹೋಗುತ್ತಿದೆ, ನೀವೇ ಹಾಕಿದ ಪ್ಯಾಡ್, ಪುಕ್ಕಟೆ ಸರಿ ಮಾಡಿಕೊಡಿ ಎಂದು ಬಂದರು. ಗಾಡಿ ಬಂದಾಗ ಕೆಲಸದ ವಿವರ ಬರೆದಿಡುವ ಜಾಬ್ ಕಾರ್ಡ್ ಹುಡುಕಿದರೆ ಇಲ್ಲ, ಬಿಲ್ ಕೇಳಿದರೆ ಅದೂ ಇಲ್ಲ. ಕೊನೆಗೆ, ಮಾಡಿದ್ದು ನಿಮ್ಮ ಮೆಕ್ಯಾನಿಕ್ಕೇ, ಮನೆ ಹತ್ತಿರ ಮಾಡಿಕೊಟ್ಟರು ಎಂದು ಒಪ್ಪಿಕೊಂಡರು. ಚಕ್ರ ಬಿಚ್ಚಿ ನೋಡಿದಾಗ ಪ್ಯಾಡುಗಳೇನೋ ಹೊಸವೇ ಆಗಿದ್ದವು. ಆದರೆ ಪ್ಯಾಡುಗಳನ್ನು ಹಿಡಿದಿಡುವ ಕ್ಯಾಲಿಪರ್‌ನ ಸ್ಲೈಡ್ ಪಿನ್ನಿಗೆ ಗ್ರೀಸ್ ಇರಲಿಲ್ಲ, ಬ್ರೇಕ್ ಲೈನಿನಲ್ಲಿ ಸೇರಿಕೊಂಡ ಗಾಳಿಯನ್ನು ತೆಗೆದಿರಲಿಲ್ಲ. ಬ್ರೇಕ್ ಕೆಟ್ಟ ಗಾಡಿಯನ್ನು ರಸ್ತೆಗೆ ಬಿಡಲು ಮನಸ್ಸಾಗದೆ ಹಣ ಪಡೆಯದೆ ಸರಿ ಮಾಡಿ ಕಳುಹಿಸಿದೆ. ಅನುಮಾನ ಬಂದು ಕಾರಿನ ದೋಷ ಪತ್ತೆ ಮಾಡುವ ನಮ್ಮ ಸ್ಕ್ಯಾನರಿನ ಮೆಮೊರಿ ತೆರೆದು ನೋಡಿದರೆ, ಜಾಬ್ ಕಾರ್ಡೇ ಇಲ್ಲದ ಹಲವು ಕಾರುಗಳ ವರದಿಗಳು ರಾತ್ರಿ ಎಂಟು, ಒಂಬತ್ತರ ಸಮಯದೊಂದಿಗೆ ದಾಖಲಾಗಿದ್ದವು. ಚಾರ್ಜ್ ಮಾಡಿಕೊಂಡು ಬರುತ್ತೇನೆಂದು ಅವರು ಅದನ್ನು ಆಗಾಗ ಮನೆಗೆ ಒಯ್ಯುತ್ತಿದ್ದರು.

ಇದರ ಜೊತೆಗೆ ಇನ್ನೆರಡು ಸಂಗತಿಗಳಿವೆ. ನಮ್ಮ ಹೆಲ್ಪರ್ ಒಬ್ಬ ಅವರೊಂದಿಗೆ ರಾತ್ರಿಯವರೆಗೆ ದುಡಿದು ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ ಬರುತ್ತಾನೆ. ಎಲೆಕ್ಟ್ರಿಷಿಯನ್ ಭತ್ತದ ಕಟಾವಿನ ಕಾಲದಲ್ಲಿ ಮಲೇಬೆನ್ನೂರಿನ ಕಡೆ ಕಟಾವು ಯಂತ್ರಗಳ ವೈರಿಂಗ್ ನೋಡಲು ಹೋದರೆ ಹೇಳದೆ ಕೇಳದೆ ಎರಡೆರಡು ದಿನ ಬರುವುದಿಲ್ಲ.

ಹೊರಗಿನ ಕೆಲಸವನ್ನು ಪೂರ್ತಿ ನಿಲ್ಲಿಸಿ ಎಂದು ಹೇಳುವ ಹಕ್ಕು ನನಗಿದೆಯೇ? ಇದ್ದರೂ ಹೇಳುವುದು ಜಾಣತನವೇ? ಬಿಗಿ ಮಾಡಿದರೆ ಅವರು ಬಿಟ್ಟು ಹೋಗಿ ಇದೇ ರಸ್ತೆಯಲ್ಲಿ ಗ್ಯಾರೇಜ್ ತೆರೆಯಬಹುದು ಎಂಬ ಅಂಜಿಕೆಯೂ ಇದೆ. ಮನೆಯ ಆರ್‌ಸಿಸಿ ಹಾಕಿಸಲು ನನ್ನಿಂದ ಅಡ್ವಾನ್ಸ್ ಪಡೆದಿದ್ದಾರೆ, ಅದಿನ್ನೂ ತೀರಿಲ್ಲ. ಅದು ತೀರುವ ತನಕ ಬಿಡುವಂತಿಲ್ಲ ಎಂದು ಹೇಳಬಹುದೇ? ಬ್ರೇಕ್ ಕೆಲಸದ ನಷ್ಟವನ್ನು ಸಂಬಳದಲ್ಲಿ ಹಿಡಿಯಬಹುದೇ? ಅನುಭವ ಉಳ್ಳವರು ದಯವಿಟ್ಟು ತಿಳಿಸಿ.

ಉತ್ತರ
ಹಳೆಯ ಗ್ಯಾರೇಜಿನವರು, ಹರಿಹರ

ಸರ್, ಹೊರಗಿನ ಕೆಲಸ ಎಂಬ ಒಂದೇ ಹೆಸರಿನಡಿ ನೀವು ನಾಲ್ಕು ಬೇರೆ ಬೇರೆ ಸಂಗತಿಗಳನ್ನು ಸೇರಿಸಿದ್ದೀರಿ, ಅವನ್ನು ಬಿಡಿಸಿಕೊಳ್ಳದೆ ಪರಿಹಾರ ಸಿಗುವುದಿಲ್ಲ. ಓಣಿಯವರ ಬೈಕ್ ರಿಪೇರಿಯಿಂದ ನಿಮಗೆ ಯಾವ ನಷ್ಟವೂ ಇಲ್ಲ. ಎಲೆಕ್ಟ್ರಿಷಿಯನ್ನರದು ರಜೆಯ ಪ್ರಶ್ನೆ, ಮೊದಲೇ ತಿಳಿಸಿ ಹೋದರೆ ಮುಗಿಯಿತು. ಭದ್ರಾ ನಾಲೆಯ ಬಯಲಿನಲ್ಲಿ ಗದ್ದೆಗೆ ಇಳಿದ ಯಂತ್ರ ನಿಂತರೆ ರೈತನಿಗೂ ಯಂತ್ರದವನಿಗೂ ಗಂಟೆಗಂಟೆಗೆ ನಷ್ಟವಾಗುವುದರಿಂದ ಬಂದವರಿಗೆ ಕೈತುಂಬ ಹಣ ಸಿಗುತ್ತದೆ, ಅದನ್ನು ತಡೆಯುವುದು ನ್ಯಾಯವೂ ಅಲ್ಲ. ಹೆಲ್ಪರನ ನಿದ್ದೆಗೆಟ್ಟ ಮುಖ ಸುರಕ್ಷತೆಯ ವಿಷಯ. ನಿಮ್ಮ ಗಿರಾಕಿಯ ಕಾರನ್ನು ನಿಮ್ಮ ಸ್ಕ್ಯಾನರ್ ಒಯ್ದು ನಿಮ್ಮ ಹೆಸರಿನ ಬಲದ ಮೇಲೆ ಮಾಡಿದ ಕೆಲಸ ಮಾತ್ರ ಗ್ಯಾರೇಜಿಗೆ ಬಗೆದ ಅನ್ಯಾಯ. ಶಟರ್ ಇಳಿದ ಮೇಲಿನ ಹೊತ್ತು ಅವರದು. ಗಿರಾಕಿ, ಗಾಡಿ, ಉಪಕರಣ ಈ ಮೂರು ನಿಮ್ಮ ಹೊಣೆಯವು. ನೀವು ಕಾಯಬೇಕಾದದ್ದು ಈ ಮೂರನ್ನೇ ಹೊರತು ಅವರ ಸಂಜೆಯನ್ನಲ್ಲ.

ಕಾಯುವುದು ಹೇಗೆ ಎಂದರೆ, ನಮ್ಮಲ್ಲಿ ಗಿರಾಕಿಗಳ ಕೀಲಿಗಳಿಗೆ ಒಂದು ಹಲಗೆ ಇದೆ, ಸಂಜೆ ಎಣಿಸಿ ಬೀಗ ಹಾಕಿಯೇ ನಾನು ಹೊರಡುತ್ತೇನೆ. ಗಾಡಿ ಒಳಗೆ ಬಂದಾಗ ಮತ್ತು ಹೊರಗೆ ಹೋಗುವಾಗ ಮೀಟರ್ ಓದಿಕೆಯನ್ನು ಜಾಬ್ ಕಾರ್ಡಿನಲ್ಲಿ ಬರೆಯುವುದು ಕಡ್ಡಾಯ. ಟ್ರಯಲ್ ನೋಡಲು ಹೋದದ್ದು ನಾಲ್ಕು ಕಿಲೋಮೀಟರೋ ನಲವತ್ತೋ ಎಂಬುದು ಅಲ್ಲಿಯೇ ತಿಳಿಯುತ್ತದೆ. ಸ್ಕ್ಯಾನರ್, ಟಾರ್ಕ್ ರೆಂಚ್, ಪುಲ್ಲರ್ ಸೆಟ್ಟು ಕಪಾಟಿನಲ್ಲಿರುತ್ತವೆ, ತೆಗೆದವರು ಪುಸ್ತಕದಲ್ಲಿ ಗಾಡಿ ನಂಬರ್ ಬರೆದು ಸಹಿ ಹಾಕಬೇಕು. ಬಿಡಿಭಾಗದ ಅಂಗಡಿಯವರಿಗೂ, ನಮ್ಮ ಚೀಟಿ ಇಲ್ಲದೆ ನಮ್ಮ ಖಾತೆಗೆ ಸಾಮಾನು ಕೊಡಬೇಡಿ ಎಂದು ಹೇಳಿಟ್ಟಿದ್ದೇನೆ. ಈ ಕೊನೆಯದನ್ನು ಬಹಳ ಮಾಲೀಕರು ಮರೆಯುತ್ತಾರೆ, ನಿಜವಾದ ಸೋರಿಕೆ ಇರುವುದು ಅಲ್ಲಿಯೇ.

ಇನ್ನು ಗಿರಾಕಿ ಅಲ್ಲಿಗೆ ಏಕೆ ಹೋದರು ಎಂಬುದನ್ನೂ ನೋಡಿ. ನೀವು ಎರಡು ಸಾವಿರ ಲೇಬರ್, ಅಂದರೆ ಕೆಲಸದ ಕೂಲಿ, ಹಾಕಿದರೆ ಶೇಕಡಾ 18ರ ಜಿಎಸ್‌ಟಿ ಸೇರಿ 2,360 ರೂಪಾಯಿ ಆಗುತ್ತದೆ. ಮನೆಯ ಮುಂದೆ ಮಾಡುವವರಿಗೆ ತೆರಿಗೆ, ಬಾಡಿಗೆ, ಕರೆಂಟ್ ಬಿಲ್ ಯಾವುದೂ ಇಲ್ಲದ್ದರಿಂದ ಅದೇ ಕೆಲಸಕ್ಕೆ ಅವರು ಸಾವಿರದ ಇನ್ನೂರು ಪಡೆದರೂ ಉಳಿಯುತ್ತದೆ. ದರಕ್ಕಿಂತ ದೊಡ್ಡ ಕಾರಣ ಸಮಯ. ಬ್ಯಾಂಕಿನವರು, ಶಾಲೆಯವರು, ಎಪಿಎಂಸಿ ಅಂಗಡಿಯವರು ಒಂಬತ್ತೂವರೆಯಿಂದ ಆರೂವರೆಯೊಳಗೆ ನಿಮ್ಮಲ್ಲಿಗೆ ಬರುವುದಾದರೂ ಹೇಗೆ? ಅವರು ಬಿಡುವಾಗುವ ಹೊತ್ತಿಗೆ ನಿಮ್ಮ ಶಟರ್ ಇಳಿದಿರುತ್ತದೆ, ನಿಮ್ಮ ಮೆಕ್ಯಾನಿಕ್ ಮನೆಯ ಮುಂದೆ ದೀಪ ಉರಿಯುತ್ತಿರುತ್ತದೆ. ನಾನು ಭಾನುವಾರ ಮಧ್ಯಾಹ್ನದವರೆಗೆ ಸರದಿಯ ಮೇಲೆ ಇಬ್ಬರನ್ನು ಕರೆಸಿ, ಬದಲಿಗೆ ವಾರದ ನಡುವೆ ರಜೆ ಕೊಟ್ಟು, ಆ ದಿನದ ಲೇಬರಿನಲ್ಲಿ ಅವರಿಗೆ ಪಾಲು ಇಟ್ಟಿದ್ದೇನೆ. ಮನೆಗೆ ಹೋಗುತ್ತಿದ್ದ ಗಾಡಿಗಳಲ್ಲಿ ಬಹುಪಾಲು ತಾವಾಗಿಯೇ ಗ್ಯಾರೇಜಿಗೆ ಬಂದವು.

ಅವರೊಂದಿಗೆ ಮಾತಾಡುವಾಗ ಹೆಲ್ಪರ್ ಹುಡುಗರ ಎದುರು ಆಡಬೇಡಿ, ಸ್ಕ್ಯಾನರಿನ ಪಟ್ಟಿಯನ್ನು ಮುಂದಿಟ್ಟು ಒಬ್ಬರನ್ನೇ ಕೂರಿಸಿಕೊಂಡು ಕೇಳಿ. ಕಳ್ಳತನ ಎಂಬ ಮಾತು ಬಾಯಿಂದ ಬಂದರೆ ಆಮೇಲೆ ಯಾವ ಒಪ್ಪಂದವೂ ಆಗುವುದಿಲ್ಲ.

ಉತ್ತರ
ವಕೀಲ, ದಾವಣಗೆರೆ

ಕಾನೂನಿನ ಪ್ರಶ್ನೆಗಳಿಗಷ್ಟೇ ಉತ್ತರಿಸುತ್ತೇನೆ. ಐಟಿ ಕಂಪನಿಗಳ ಮೂನ್‌ಲೈಟಿಂಗ್ ಸುದ್ದಿಗಳನ್ನು ಓದಿದವರು ಎರಡು ಕಡೆ ದುಡಿಯುವುದೇ ಅಪರಾಧ ಎಂದು ಭಾವಿಸುತ್ತಾರೆ, ಹಾಗಿಲ್ಲ. 1948ರ ಕಾರ್ಖಾನೆಗಳ ಕಾಯ್ದೆಯ 60ನೇ ಕಲಂ, ಒಂದು ಕಾರ್ಖಾನೆಯಲ್ಲಿ ದುಡಿದ ದಿನವೇ ಕಾರ್ಮಿಕನನ್ನು ಇನ್ನೊಂದು ಕಾರ್ಖಾನೆಯಲ್ಲಿ ದುಡಿಸುವುದನ್ನು ನಿರ್ಬಂಧಿಸಿತ್ತು. ರಿಪೇರಿ ಕೆಲಸವೂ ಆ ಕಾಯ್ದೆಯ ಪ್ರಕಾರ ಉತ್ಪಾದನಾ ಪ್ರಕ್ರಿಯೆಯೇ ಆದ್ದರಿಂದ, ವಿದ್ಯುತ್ ಬಳಸಿ ಹತ್ತು ಅಥವಾ ಹೆಚ್ಚು ಜನ ದುಡಿಯುವ ಗ್ಯಾರೇಜ್ ಕಾರ್ಖಾನೆಯ ವ್ಯಾಪ್ತಿಗೆ ಬರುತ್ತಿತ್ತು. 2020ರ ವೃತ್ತಿ ಸುರಕ್ಷತಾ ಸಂಹಿತೆ ಆ ಸಂಖ್ಯೆಯನ್ನು 20ಕ್ಕೆ ಏರಿಸಿದೆ. ನಿಮ್ಮ ಏಳು ಜನರ ಗ್ಯಾರೇಜ್ ಹಳೆಯ ಲೆಕ್ಕಕ್ಕೂ ಸಿಗುವುದಿಲ್ಲ, ಹೊಸದಕ್ಕೂ ಸಿಗುವುದಿಲ್ಲ. ಅವರ ಮನೆಯಂಗಳವಂತೂ ಕಾರ್ಖಾನೆಯೇ ಅಲ್ಲ. ನಿಮಗೆ ಅನ್ವಯಿಸುವುದು 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಅದರ ಪ್ರಕಾರ ದಿನಕ್ಕೆ 9, ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ಎರಡರಷ್ಟು ದರದ ಓಟಿ ಕೊಡಬೇಕು. ಹರಿಹರದವರು ಹೇಳಿದ ಭಾನುವಾರದ ಏರ್ಪಾಡನ್ನು ಮಾಡುವಾಗ ಈ ಲೆಕ್ಕ ಮನಸ್ಸಿನಲ್ಲಿರಲಿ.

ಹಾಗಾದರೆ ತಡೆಯಲು ನಿಮಗಿರುವ ಆಧಾರ ಯಾವುದು? ಕರಾರು. ಯಾವುದೇ ವ್ಯಕ್ತಿ ವೃತ್ತಿ ನಡೆಸದಂತೆ ತಡೆಯುವ ಒಪ್ಪಂದವನ್ನು 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಂ ಅಸಿಂಧುಗೊಳಿಸುತ್ತದೆ. ಆದರೆ ಕೆಲಸದ ಕರಾರು ಜಾರಿಯಲ್ಲಿರುವ ಅವಧಿಗೆ ಹಾಕಿದ ಷರತ್ತು ಸಾಮಾನ್ಯವಾಗಿ ಆ ಕಲಮಿಗೆ ಒಳಪಡುವುದಿಲ್ಲವೆಂದು ಸುಪ್ರೀಂ ಕೋರ್ಟ್ 1967ರಲ್ಲಿ, ನಿರಂಜನ ಶಂಕರ ಗೋಲಿಕರಿ ಪ್ರಕರಣದಲ್ಲಿ ಹೇಳಿದೆ. ಅಂದರೆ ನಿಮ್ಮಲ್ಲಿ ಇರುವಷ್ಟು ಕಾಲ ಗ್ಯಾರೇಜಿನ ಗಿರಾಕಿಗಳ ಗಾಡಿಯನ್ನು ಹೊರಗೆ ಮಾಡಬಾರದು ಎಂದು ಬರೆಸಿಕೊಳ್ಳಬಹುದು, ಬಿಟ್ಟ ಮೇಲೆ ದಾವಣಗೆರೆಯಲ್ಲಿ ಗ್ಯಾರೇಜ್ ಹಾಕಬಾರದು ಎಂದು ಬರೆಸಿಕೊಂಡರೆ ಆ ಕಾಗದಕ್ಕೆ ಬೆಲೆಯಿಲ್ಲ. ನಿಮ್ಮಲ್ಲಿ ನೇಮಕದ ಪತ್ರವೇ ಇದ್ದಂತಿಲ್ಲ, ಏಳೂ ಜನರಿಗೆ ಮೊದಲು ಅದನ್ನು ಕೊಡಿ.

ಅಡ್ವಾನ್ಸ್ ವಿಷಯದಲ್ಲಿ ಬಹಳ ಎಚ್ಚರ ಬೇಕು. ಸಾಲ ತೀರುವವರೆಗೆ ಕೆಲಸ ಬಿಡುವಂತಿಲ್ಲ ಎನ್ನುವುದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಬಾಗಿಲಿಗೆ ನಿಮ್ಮನ್ನು ಒಯ್ಯುವ ಮಾತು, ಸಿಟ್ಟಿನಲ್ಲಿಯೂ ಅದನ್ನು ಆಡಬೇಡಿ. ಕಂತು ಎಷ್ಟೆಂದು ಇಬ್ಬರೂ ಒಪ್ಪಿ ಬರೆದುಕೊಳ್ಳಿ. ಅವರು ಬಿಟ್ಟರೆ ಉಳಿದದ್ದು ಸಾಮಾನ್ಯ ಸಾಲ, ಸಿವಿಲ್ ದಾರಿಯಲ್ಲಿ ವಸೂಲಿ ಮಾಡಬಹುದು. ನಷ್ಟವನ್ನು ಸಂಬಳದಲ್ಲಿ ಹಿಡಿಯುವುದಕ್ಕೂ ಮಿತಿಗಳಿವೆ, ಸಮಜಾಯಿಷಿ ಕೇಳದೆ ಕಡಿತ ಮಾಡುವಂತಿಲ್ಲ. ಆರು ತಿಂಗಳು ಮೀರಿ ದುಡಿದವರನ್ನು ತೆಗೆಯಲು ಅಂಗಡಿ ಕಾಯ್ದೆಯ 39ನೇ ಕಲಮಿನಂತೆ ಸಕಾರಣವೂ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳವೂ ಬೇಕು. ದುರ್ನಡತೆಯ ಕಾರಣಕ್ಕಾದರೆ ವಿಚಾರಣೆ ನಡೆಸಬೇಕು. ನಿಮ್ಮ ಪ್ರಕರಣ ಅಲ್ಲಿಯವರೆಗೆ ಹೋಗಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ.

ನೀವು ಕೇಳದಿದ್ದರೂ ನಾನು ಹೆಚ್ಚು ಹೆದರುವುದು ಹೊಣೆಗಾರಿಕೆಗೆ. ಗಿರಾಕಿ ಕೀಲಿ ಕೊಟ್ಟ ಕ್ಷಣದಿಂದ ಆ ಕಾರು ಕರಾರು ಕಾಯ್ದೆಯ ಪ್ರಕಾರ ನಿಮ್ಮ ವಶಕ್ಕೆ ಒಪ್ಪಿಸಿದ ಸೊತ್ತು. 151ನೇ ಕಲಂ ನಿಮ್ಮದೇ ವಸ್ತುವಿನಷ್ಟು ಜೋಪಾನವನ್ನು ಬಯಸುತ್ತದೆ, 154ನೇ ಕಲಂ ಒಪ್ಪಿಗೆ ಇಲ್ಲದ ಬಳಕೆಯಿಂದಾದ ನಷ್ಟಕ್ಕೆ ನಿಮ್ಮನ್ನೇ ಹೊಣೆ ಮಾಡುತ್ತದೆ. ಗ್ಯಾರೇಜಿಗೆ ಬಂದ ಗಾಡಿ ರಾತ್ರಿ ಯಾರದೋ ಮನೆಗೆ ಹೋಗಿ ಗುದ್ದಿಸಿಕೊಂಡು ಬಂದರೆ ಗಿರಾಕಿ ಹಿಡಿಯುವುದು ನಿಮ್ಮನ್ನು. ಹಾಗೆಯೇ, ಶಟರ್ ಇಳಿದ ಮೇಲೆ ನಿಮ್ಮ ಜಾಗದಲ್ಲಿ ಖಾಸಗಿ ಕೆಲಸ ಮಾಡಿಕೊಳ್ಳಲು ಬಿಡಬೇಡಿ. ಜಾಕ್ ಜಾರಿ ಏಟಾದರೆ ಅದು ಕೆಲಸದ ನಿಮಿತ್ತ ಆದ ಅಪಘಾತವೇ ಅಲ್ಲವೇ ಎಂಬ ವಾದ ನೌಕರರ ಪರಿಹಾರದ ಕಾನೂನಿನಡಿ ವರ್ಷಗಟ್ಟಲೆ ನಡೆಯುತ್ತದೆ. ಆ ಬ್ರೇಕಿನ ಕಾರಿಗೆ ನೀವು ಜಾಬ್ ಕಾರ್ಡ್ ಬರೆದಿಲ್ಲವಾದರೆ, ಹಿಂದಿನ ಕೆಲಸ ಇಲ್ಲಿ ಮಾಡಿದ್ದಲ್ಲ ಎಂಬ ಷರಾದೊಂದಿಗೆ ಇಂದೇ ಬರೆದು ಗಿರಾಕಿಯ ಸಹಿ ಪಡೆಯಿರಿ. ಇಲ್ಲದಿದ್ದರೆ ನಾಳೆ ಗ್ರಾಹಕರ ಆಯೋಗದ ಮುಂದೆ ಪುಕ್ಕಟೆ ರಿಪೇರಿಯೇ ನಿಮ್ಮ ತಪ್ಪೊಪ್ಪಿಗೆಯಂತೆ ಕಾಣುತ್ತದೆ.

ಉತ್ತರ
ಮೆಕ್ಯಾನಿಕ್, ಪಿ.ಬಿ. ರಸ್ತೆ

ಮಾಲೀಕರೇ, ನಾನು ಇನ್ನೊಬ್ಬರ ಗ್ಯಾರೇಜಿನಲ್ಲಿ ದುಡಿಯುವವನು, ಸಂಜೆ ಹೊರಗಿನ ಕೆಲಸವನ್ನೂ ಮಾಡುತ್ತೇನೆ. ನನ್ನ ಮಾಲೀಕರಿಗೆ ಇದು ಗೊತ್ತು. ನಮ್ಮ ಕಡೆಯ ಮಾತನ್ನೂ ಕೇಳಬೇಕೆಂದು ಬರೆಯುತ್ತಿದ್ದೇನೆ.

ಮೊದಲು ಆ ಬ್ರೇಕ್ ಕೆಲಸದ ಬಗ್ಗೆ. ಪಿನ್ನಿಗೆ ಗ್ರೀಸ್ ಹಚ್ಚದೆ, ಗಾಳಿ ತೆಗೆಯದೆ ಬಿಟ್ಟದ್ದು ಕೆಲಸ ಬಾರದವರು ಮಾಡಿದ್ದಲ್ಲ ಎಂದು ನಿಮಗೂ ಗೊತ್ತಿದೆ. ಮನೆಯ ಮುಂದೆ ಮಣ್ಣು ನೆಲದ ಮೇಲೆ ಗಾಡಿಯ ಜಾಕನ್ನೇ ಕೊಟ್ಟು, ಮೊಬೈಲ್ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕ್ಯಾಲಿಪರ್ ಬಿಚ್ಚುವಾಗ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದನ್ನು ನಾನು ಬಲ್ಲೆ. ಗಾಳಿ ತೆಗೆಯಲು ಒಬ್ಬ ಒಳಗೆ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬ ಚಕ್ರದ ಬಳಿ ನಿಪ್ಪಲ್ ಸಡಿಲಿಸಿ ಗುಳ್ಳೆ ನಿಲ್ಲುವವರೆಗೂ ನೋಡಿ ಮತ್ತೆ ಬಿಗಿಯಬೇಕು. ಹೆಲ್ಪರ್ ಹುಡುಗ ಆಗಲೇ ಮನೆಗೆ ಹೋಗಿದ್ದರೆ ಅದು ಒಬ್ಬನಿಂದ ಆಗುವ ಕೆಲಸವಲ್ಲ. ಈ ಕಾರಣಕ್ಕೆ ನಾನು ಬ್ರೇಕ್, ಸ್ಟೀರಿಂಗ್, ಸಸ್ಪೆನ್ಷನ್ ಕೆಲಸಗಳನ್ನು ಮನೆಯ ಹತ್ತಿರ ಮುಟ್ಟುವುದಿಲ್ಲ. ನಿಮ್ಮ ಮೆಕ್ಯಾನಿಕ್ ಅಣ್ಣನವರಿಗೂ ಇದನ್ನು ಬಿಡಿಸಿ ಹೇಳಿ, ಅವರು ಒಪ್ಪುತ್ತಾರೆ. ದುಡ್ಡಿನ ಮಾತಿಗಿಂತ ಈ ಮಾತು ಮೆಕ್ಯಾನಿಕ್‌ಗೆ ಬೇಗ ನಾಟುತ್ತದೆ.

ಇನ್ನು ದುಡ್ಡಿನ ಮಾತು. 2020ರ ಏಪ್ರಿಲ್‌ನಿಂದ ಹೊಗೆಯ ಹೊಸ ಮಾನದಂಡದ ಬಿಎಸ್ 6 ಗಾಡಿಗಳು ಬಂದವು. ಸೆನ್ಸರು, ಡೀಸೆಲ್ ಗಾಡಿಗಳ ಹೊಗೆ ಸೋಸುವ ಫಿಲ್ಟರು, ಸ್ಕ್ಯಾನರಿನಲ್ಲಿ ಬರುವ ಕೋಡುಗಳು, ಇವೆಲ್ಲವನ್ನೂ ನಾವು ರಾತ್ರಿ ಊಟವಾದ ಮೇಲೆ ಮೊಬೈಲಿನಲ್ಲಿ ನೋಡಿ ಕಲಿತೆವು. ಐಟಿಐ ಮುಗಿಸದ ನನ್ನಂಥವರು ಕಲಿತದ್ದು ಹಾಗೆಯೇ. ವಿದ್ಯೆ ಹೆಚ್ಚಾದರೂ ಸಂಬಳದ ಲೆಕ್ಕ ಕಾರ್ಬ್ಯುರೇಟರ್ ಕಾಲದಲ್ಲಿಯೇ ನಿಂತಿದೆ. ಒಂದು ಕ್ಲಚ್ ಕೆಲಸಕ್ಕೆ ಬಿಲ್ಲಿನಲ್ಲಿ ಎಷ್ಟು ಲೇಬರ್ ಬಿದ್ದಿದೆ ಎಂಬುದು ನಮ್ಮ ಕಣ್ಣಿಗೂ ಬೀಳುತ್ತದೆ. ಜಾಗದ ಬಾಡಿಗೆ, ಕರೆಂಟು, ಸ್ಕ್ಯಾನರಿನ ವರ್ಷವರ್ಷದ ಅಪ್‌ಡೇಟ್ ಖರ್ಚು ಮಾಲೀಕರ ತಲೆಯ ಮೇಲಿದೆ ಎಂಬುದೂ ಗೊತ್ತು. ಆದರೆ ಜೂನ್ ತಿಂಗಳಲ್ಲಿ ಮಕ್ಕಳ ಫೀಸು ಕಟ್ಟುವಾಗ ಮನೆಯ ಮುಂದೆ ಬಂದು ನಿಂತ ಗಾಡಿಯನ್ನು ವಾಪಸ್ ಕಳಿಸಲು ಮನಸ್ಸು ಬರುವುದಿಲ್ಲ. ನಾನೇ ಕರೆತಂದ ಗಾಡಿಯ ಲೇಬರಿನಲ್ಲಿ ನನಗೆ ಕಾಲು ಭಾಗ ಎಂದು ನನ್ನ ಮಾಲೀಕರು ಗೊತ್ತು ಮಾಡಿದ ಮೇಲೆ ಕಾರುಗಳನ್ನೆಲ್ಲ ನಾನು ಗ್ಯಾರೇಜಿಗೇ ತರುತ್ತೇನೆ. ಸಂಜೆ ಮನೆಯಲ್ಲಿ ಮಾಡುವುದು ಓಣಿಯವರ ಬೈಕು, ನೆಂಟರ ಸ್ಕೂಟರು ಅಷ್ಟೇ. ಅದನ್ನೂ ನಿಲ್ಲಿಸು ಎಂದರೆ ಓಣಿಯಲ್ಲಿ ಮುಖ ತೋರಿಸುವುದು ಕಷ್ಟ, ದಯವಿಟ್ಟು ಅಲ್ಲಿಗೆ ಕೈಹಾಕಬೇಡಿ. ಮನೆಯ ಹತ್ತಿರ ಯಾರನ್ನಾದರೂ ಕಳಿಸಿ ನೋಡಿಸುವ ಕೆಲಸವನ್ನಂತೂ ಮಾಡಲೇಬೇಡಿ.

ಉತ್ತರ
ಲಾರಿ ವರ್ಕ್‌ಶಾಪಿನ ಲೆಕ್ಕ ನೋಡುವವಳು, ಚಿತ್ರದುರ್ಗ

ನಮ್ಮದು ಚಿತ್ರದುರ್ಗದಲ್ಲಿ ರಾಷ್ಟ್ರೀಯ ಹೆದ್ದಾರಿ 48 ಮತ್ತು 50 ಕೂಡುವ ಕಡೆಯ ಲಾರಿ ವರ್ಕ್‌ಶಾಪು. ಮನೆಯವರು ಕೆಲಸ ನೋಡುತ್ತಾರೆ, ಲೆಕ್ಕ ಮತ್ತು ಬಟವಾಡೆ ನನ್ನದು. ಕಾರಿಗೂ ಲಾರಿಗೂ ವ್ಯತ್ಯಾಸವಿದ್ದರೂ ಸಮಸ್ಯೆ ಒಂದೇ. ಹೊಸಪೇಟೆ ಕಡೆಯಿಂದ ಬಂದ ಲಾರಿ ನಡುರಾತ್ರಿ ನಿಂತರೆ ಡ್ರೈವರ್ ವರ್ಕ್‌ಶಾಪಿಗೆ ಫೋನ್ ಮಾಡುವುದಿಲ್ಲ, ಪರಿಚಯದ ಮೆಕ್ಯಾನಿಕ್‌ಗೇ ಮಾಡುತ್ತಾನೆ. ಇದನ್ನು ನಿಲ್ಲಿಸಲು ಹೊರಟರೆ ಗುಟ್ಟಾಗಿ ನಡೆಯುತ್ತದೆ ಎಂದು ತಿಳಿದು, ರಾತ್ರಿ ಕರೆಗಳಿಗೆಂದೇ ಒಂದು ಪುಸ್ತಕ ಇಟ್ಟೆವು. ಕರೆ ಬಂದ ತಕ್ಷಣ ಮೆಕ್ಯಾನಿಕ್ ನಮ್ಮ ಫೋನಿಗೆ ಗಾಡಿ ನಂಬರ್ ಮತ್ತು ಜಾಗದ ಹೆಸರು ಕಳಿಸಬೇಕು. ಉಪಕರಣದ ಪೆಟ್ಟಿಗೆ ನಮ್ಮದು, ಬಿಲ್ ನಮ್ಮ ಹೆಸರಿನಲ್ಲಿ, ಲೇಬರಿನಲ್ಲಿ ಅರ್ಧ ಮತ್ತು ಬೈಕಿನ ಪೆಟ್ರೋಲ್ ಅವರಿಗೆ. ಮರುದಿನ ತಡವಾಗಿ ಬರಲು ಅನುಮತಿ ಇದೆ. ಮುರಿದ ನಿದ್ದೆಯ ಕಣ್ಣಲ್ಲಿ ಯಾರೂ ಹನ್ನೆರಡು ಟನ್ನಿನ ಗಾಡಿಯ ಕೆಳಗೆ ನುಗ್ಗಬಾರದು. ಹದಿನೆಂಟು ತುಂಬದ ಹುಡುಗರನ್ನು ರಾತ್ರಿ ಕೆಲಸಕ್ಕೆ ಕರೆದೊಯ್ಯುವಂತಿಲ್ಲ ಎಂಬುದರಲ್ಲಿ ಮಾತ್ರ ನಮ್ಮಲ್ಲಿ ವಿನಾಯಿತಿಯೇ ಇಲ್ಲ.

ವಕೀಲರು ಹೊಣೆಗಾರಿಕೆಯ ಬಗ್ಗೆ ಬರೆದದ್ದನ್ನು ಒಪ್ಪುತ್ತೇನೆ. ಅದೇ ಕಾರಣಕ್ಕೆ ಹೊರಗಿನ ಕೆಲಸವನ್ನು ವರ್ಕ್‌ಶಾಪಿನ ಕೆಲಸವನ್ನಾಗಿ ಮಾಡಿಕೊಳ್ಳುವುದು ಲೇಸು ಎಂಬುದು ನಮ್ಮ ತಿಳಿವಳಿಕೆ. ಆಗ ಅಪಘಾತವಾದರೆ ಹೊಣೆ ಯಾರದೆಂಬ ಗೊಂದಲ ಉಳಿಯುವುದಿಲ್ಲ, ಹೊಣೆ ನಮ್ಮದೇ, ಅದಕ್ಕೆ ತಕ್ಕ ವ್ಯವಸ್ಥೆಯೂ ಇದೆ. ನಮ್ಮಲ್ಲಿ ಹತ್ತಕ್ಕಿಂತ ಹೆಚ್ಚು ಜನ ಇರುವುದರಿಂದ ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ ಇಎಸ್‌ಐ ಇದೆ, ಅದಕ್ಕೆ ಮಾಲೀಕರಿಂದ ಶೇಕಡಾ 3.25, ನೌಕರರಿಂದ 0.75 ಕಟ್ಟುತ್ತೇವೆ. ನಿಮ್ಮ ಏಳು ಜನರಿಗೆ ಇಎಸ್‌ಐ ಅನ್ವಯಿಸದಿದ್ದರೂ ವಿಮಾ ಕಂಪನಿಗಳಲ್ಲಿ ನೌಕರರ ಪರಿಹಾರದ ಪಾಲಿಸಿ ಸಿಗುತ್ತದೆ, ಅದನ್ನು ಈ ವಾರವೇ ಮಾಡಿಸಿ.

ಇನ್ನೊಂದು ಮಾತು ಇಲ್ಲಿಯವರೆಗೆ ಯಾರೂ ಎತ್ತಲಿಲ್ಲ: ಬಿಡಿಭಾಗದ ಅಂಗಡಿಯಿಂದ ಮೆಕ್ಯಾನಿಕ್‌ಗೆ ಹೋಗುವ ಕಮಿಷನ್. ಇದೂ ಹೊರಗಿನ ಸಂಪಾದನೆಯೇ, ಗಿರಾಕಿಗೆ ಇದರಿಂದ ಹೆಚ್ಚು ಹಾನಿ. ಕಮಿಷನ್ ಹೆಚ್ಚು ಸಿಗುವ ಅಂಗಡಿಯ ಮಾಲನ್ನೇ ಹಾಕುವ ಆಸೆ ಹುಟ್ಟಿದರೆ ಗುಣಮಟ್ಟ ಹಿಂದೆ ಬೀಳುತ್ತದೆ. ಕಮಿಷನ್ ಕೊಡುವ ಬದಲು ಬಿಲ್ಲಿನಲ್ಲಿಯೇ ರಿಯಾಯಿತಿ ತೋರಿಸಿ ಎಂದು ಅಂಗಡಿಯವರನ್ನು ಕೇಳಿಕೊಂಡು, ಅದರಿಂದ ಉಳಿದದ್ದರಲ್ಲಿ ತಿಂಗಳ ಕೊನೆಗೆ ಎಲ್ಲರಿಗೂ, ಹೆಲ್ಪರ್‌ಗಳಿಗೂ ಸೇರಿಸಿ, ಹಂಚುತ್ತೇವೆ. ಹಂಚಿದ ಲೆಕ್ಕವನ್ನು ಗೋಡೆಗೆ ಅಂಟಿಸುತ್ತೇನೆ. ಅಡ್ವಾನ್ಸಿಗೆ ಒಬ್ಬೊಬ್ಬರಿಗೂ ಬೇರೆ ಪುಸ್ತಕವಿದೆ, ಪ್ರತಿ ಕಂತಿಗೂ ಅವರ ಸಹಿ, ನನ್ನ ಸಹಿ.

ಮನೆಯ ಮುಂದೆ ಆಯಿಲ್ ಬದಲಿಸುವವರು ಹಳೆಯ ಆಯಿಲನ್ನು ಎಲ್ಲಿಗೆ ಸುರಿಯುತ್ತಾರೆ ಎಂಬುದನ್ನೂ ಕೇಳಿ ನೋಡಿ. ಬಳಸಿದ ಆಯಿಲ್ 2016ರ ನಿಯಮಗಳಂತೆ ಅಪಾಯಕಾರಿ ತ್ಯಾಜ್ಯ. ನಾವು ಡ್ರಮ್ಮಿನಲ್ಲಿ ಕೂಡಿಸಿ ಅಧಿಕೃತವಾಗಿ ಕೊಳ್ಳುವವರಿಗೆ ಕೊಡುತ್ತೇವೆ. ಓಣಿಯಲ್ಲಾದರೆ ಅದು ಹೋಗುವುದು ಚರಂಡಿಗೆ.

ಉತ್ತರ
ಕಾರಿನ ಗಿರಾಕಿ, ವಿದ್ಯಾನಗರ

ಗಿರಾಕಿಯ ಕಡೆಯಿಂದ ಒಂದು ಮಾತು. ನಾವು ಬೋರ್ಡ್ ನೋಡಿ ಗಾಡಿ ಬಿಡುವುದಿಲ್ಲ, ಕೈ ನೋಡಿ ಬಿಡುತ್ತೇವೆ. ನನ್ನ ಕಾರನ್ನು ಯಾರು ಬಿಚ್ಚಿದರು ಎಂಬುದು ಗ್ಯಾರೇಜಿನಲ್ಲಿ ತಿಳಿಯುವುದಿಲ್ಲ, ಮೆಕ್ಯಾನಿಕ್‌ನ ಮನೆಯಲ್ಲಿ ತಿಳಿಯುತ್ತದೆ. ಜಾಬ್ ಕಾರ್ಡಿನಲ್ಲಿ ಕೆಲಸ ಮಾಡಿದವರ ಹೆಸರನ್ನು ಬರೆಯಿರಿ, ಗಾಡಿ ಕೊಡುವಾಗ ಅವರನ್ನೇ ಕರೆದು ಏನು ಮಾಡಿದಿರೆಂದು ಹೇಳಿಸಿ. ಕಾರು ಮಾರುವಾಗ ಸರ್ವಿಸ್ ಬಿಲ್ಲುಗಳಿಗೆ ಬೆಲೆ ಇದೆ ಎಂಬುದನ್ನೂ ಗಿರಾಕಿಗಳಿಗೆ ತಿಳಿಸಿ, ಆ ಲೆಕ್ಕ ಹಾಕಿದವರು ನಾಲ್ಕುನೂರು ರೂಪಾಯಿ ಉಳಿಸಲು ಓಣಿಗೆ ಹೋಗುವುದಿಲ್ಲ.

ಮರು ಬರಹ
ಗ್ಯಾರೇಜ್ ಮಾಲೀಕ, ಹದಡಿ ರಸ್ತೆ, ದಾವಣಗೆರೆ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಅವರನ್ನು ಕೂರಿಸಿಕೊಂಡು ಮಾತಾಡಿದೆ. ಸ್ಕ್ಯಾನರಿನ ಪಟ್ಟಿ ನೋಡಿ ಬಹಳ ಹೊತ್ತು ಸುಮ್ಮನಿದ್ದರು. ಬ್ರೇಕಿನ ಕಾರಿನ ಬಗ್ಗೆ ಹೇಳಿದಾಗ ಮಾತ್ರ, ಅದು ಆಗಬಾರದಿತ್ತು ಎಂದರು. ಪಿ.ಬಿ. ರಸ್ತೆಯ ಮೆಕ್ಯಾನಿಕ್ ಹೇಳಿದ್ದು ನಿಜ, ಆ ಮಾತೇ ಅವರಿಗೆ ನಾಟಿತು.

ಅವರು ಕರೆತಂದ ಗಾಡಿಯ ಲೇಬರಿನಲ್ಲಿ ಕಾಲು ಭಾಗ, ಭಾನುವಾರದ ಸರದಿಯ ದಿನ ಮೂರನೇ ಒಂದು ಭಾಗ ಎಂದು ಒಪ್ಪಿದ್ದೇವೆ. ಅಡ್ವಾನ್ಸಿನ ಕಂತನ್ನು ಅವರೇ ಹೇಳಿದರು, ನಾನು ಒಪ್ಪಿದೆ. ಎಲೆಕ್ಟ್ರಿಷಿಯನ್ ಕಟಾವಿನ ಕಾಲದಲ್ಲಿ ಹಿಂದಿನ ದಿನ ತಿಳಿಸಿ ಸಂಬಳವಿಲ್ಲದ ರಜೆಯಲ್ಲಿ ಹೋಗಬಹುದು. ಹೆಲ್ಪರನನ್ನು ರಾತ್ರಿ ಕರೆಯುವುದಿಲ್ಲವೆಂದು ಮಾತು ಕೊಟ್ಟಿದ್ದಾರೆ. ಆ ಹುಡುಗನ ಕೈಯಿಂದ ತಪ್ಪಿಹೋಗುವ ಸಂಪಾದನೆಗೆ ಏನು ಮಾಡಬೇಕೆಂದು ನನಗಿನ್ನೂ ತೋಚಿಲ್ಲ, ಸದ್ಯಕ್ಕೆ ಭಾನುವಾರದ ಸರದಿಯಲ್ಲಿ ಅವನನ್ನೂ ಸೇರಿಸಿದ್ದೇನೆ.

ನೇಮಕದ ಪತ್ರಕ್ಕೆ ಈ ಮಾತುಗಳನ್ನು ಬರೆದಿದ್ದೇನೆ, ವಕೀಲರು ನೋಡಿ ತಿದ್ದಬೇಕೆಂದು ಕೋರಿಕೆ: “ಕೆಲಸದಲ್ಲಿರುವ ಅವಧಿಯಲ್ಲಿ ಗ್ಯಾರೇಜಿನ ಗಿರಾಕಿಗಳ ವಾಹನಗಳನ್ನು ಹೊರಗೆ ರಿಪೇರಿ ಮಾಡತಕ್ಕದ್ದಲ್ಲ. ಗ್ಯಾರೇಜಿನ ಉಪಕರಣಗಳನ್ನು ಲಿಖಿತ ಅನುಮತಿ ಇಲ್ಲದೆ ಹೊರಗೆ ಒಯ್ಯತಕ್ಕದ್ದಲ್ಲ. ಕೆಲಸದ ವೇಳೆಯ ನಂತರ ಸ್ವಂತ ಉಪಕರಣಗಳಿಂದ ದ್ವಿಚಕ್ರ ವಾಹನಗಳ ರಿಪೇರಿ ಮಾಡಲು ಅಡ್ಡಿಯಿಲ್ಲ.”

ಉತ್ತರ
ವಕೀಲ, ದಾವಣಗೆರೆ

ಬಹುಮಟ್ಟಿಗೆ ಸರಿಯಾಗಿದೆ, ಎರಡು ತಿದ್ದುಪಡಿ ಸಾಕು. ಗಿರಾಕಿ ಎಂದರೆ ಯಾರು ಎಂಬುದನ್ನು ಹೇಳದೆ ಬಿಟ್ಟರೆ ಊರಿನವರೆಲ್ಲ ಗಿರಾಕಿಗಳೇ ಎಂದು ಒಬ್ಬರು, ಯಾರೂ ಅಲ್ಲ ಎಂದು ಇನ್ನೊಬ್ಬರು ವಾದಿಸಬಹುದು. ಆದ್ದರಿಂದ “ಹಿಂದಿನ ಹನ್ನೆರಡು ತಿಂಗಳಲ್ಲಿ ಗ್ಯಾರೇಜಿನ ಜಾಬ್ ಕಾರ್ಡ್‌ನಲ್ಲಿ ದಾಖಲಾದ ವಾಹನಗಳು” ಎಂದು ಬರೆಯಿರಿ. ಎರಡನೆಯದಾಗಿ, ಹೊರಗಿನ ಕೆಲಸಕ್ಕೆ ಗ್ಯಾರೇಜಿನ ಹೆಸರು, ಬಿಲ್ ಪುಸ್ತಕ, ಸೀಲು ಬಳಸುವಂತಿಲ್ಲ ಎಂಬ ಸಾಲನ್ನು ಸೇರಿಸಿ. ಲೇಬರಿನ ಪಾಲು ಮತ್ತು ಅಡ್ವಾನ್ಸಿನ ಕಂತು ಬಾಯಿಮಾತಿನಲ್ಲಿ ಉಳಿಯದೆ ಅದೇ ಪತ್ರದಲ್ಲಿ ಇರಲಿ. ಕನ್ನಡದಲ್ಲಿಯೇ ಟೈಪ್ ಮಾಡಿಸಿ, ಓದಿ ಹೇಳಿ, ಎರಡು ಪ್ರತಿಗಳಿಗೂ ಇಬ್ಬರ ಸಹಿ ಹಾಕಿಸಿ ಒಂದನ್ನು ಅವರ ಕೈಗೆ ಕೊಡಿ.